ಹೆಂಗಸರಿಗೆ ಜಾಸ್ತಿ ಹಿಡೀತಾರಂತೆ

...ಅಥವಾ ಅದು ಮೆಣಸಿನ ಪುಡಿಯ ವಾಸನೆಯೇ ಆಗಿರಲಿಲ್ಲವೇನೋ. ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ನಾನು ತೊಗರಿಬೇಳೆ ಹುಡುಕುತ್ತಿದ್ದೆ. ಅಂಗಡಿಯಾತ ಹೊಸದಾಗಿ ಬಂದ ಪೆಟ್ಟಿಗೆಯೊಂದರ ಟೇಪನ್ನು ಬ್ಲೇಡಿನಿಂದ ಸೀಳಿದ. ರಟ್ಟು, ಅಂಟು, ಖಾರ ಎಲ್ಲ ಬೆರೆತ ಘಾಟು ಮೂಗಿಗೆ ಬಡಿದು ಸೀನು ಬಂತು. ಸೀನಿ ಕಣ್ಣು ಬಿಟ್ಟರೆ ಎದುರಿಗೆ ಡ್ಯಾಂಡಿನಾಂಗಿನ ಆ ಕಿಂಡಿ, ಕಿಂಡಿಯಾಚೆ ನೀಲಿ ಹೇರ್‌ನೆಟ್ ಹಾಕಿಕೊಂಡ ಅಕ್ಕ. ಹೀಗೆ ಬರೆದರೆ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ನನಗೆ ಅನುಮಾನ. ಬಹುಶಃ ನಾನು ಬೆಳಗಿನಿಂದಲೇ ಅವರ ಬಗ್ಗೆ ಯೋಚಿಸುತ್ತಿದ್ದೆ, ಪೆಟ್ಟಿಗೆ ಒಡೆದದ್ದು ಆಮೇಲೆ. ಪೆಂಡಲ್ ಹಿಲ್‌ಗೆ ಹೋದಾಗಲೆಲ್ಲ ಅವರ ಯೋಚನೆ ಬರುತ್ತದೆ. ಅದಕ್ಕೆ ಮೆಣಸಿನ ಪುಡಿಯೇನೂ ಬೇಕಾಗಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾನು ಆಗ ಮೆಲ್ಬರ್ನಿನಲ್ಲಿದ್ದೆ. ಡ್ಯಾಂಡಿನಾಂಗಿನಲ್ಲಿ ಮಸಾಲೆ ಪುಡಿ ಪ್ಯಾಕ್ ಮಾಡುವ ಒಂದು ಕಾರ್ಖಾನೆಯ ಸಂಬಳ ವಿಭಾಗ ನನ್ನದು. ವಿಭಾಗ ಎಂದರೆ ಒಂದು ಕೋಣೆ, ಒಂದು ಕಂಪ್ಯೂಟರ್, ಮತ್ತೆ ನಾನು. ಕೋಣೆಗೆ ಒಂದು ಕಿಂಡಿ ಇತ್ತು. ಕೆಲಸಗಾರರು ರಜೆ ಕೇಳಲು, ಜಗಳ ಆಡಲು, ಸಂಬಳದ ಚೀಟಿ ಇಸಿದುಕೊಳ್ಳಲು ಆ ಕಿಂಡಿಗೆ ಬರುತ್ತಿದ್ದರು. ಪ್ಯಾಕಿಂಗ್ ಲೈನಿನಲ್ಲಿ ಕನ್ನಡ ಬರುತ್ತಿದ್ದವರು ಅವರೊಬ್ಬರೇ. ಉಡುಪಿ ಕಡೆಯವರು, ಮನೆಮಾತು ತುಳು. ನಾನು ತುಮಕೂರಿನವಳು. ನನ್ನ ಕನ್ನಡ ಕೇಳಿ ಅವರಿಗೆ ನಗು ಬರುತ್ತಿತ್ತು, ಅವರದು ಕೇಳಿ ನನಗೆ. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು. ಇಬ್ಬರು ಹೆಣ್ಣುಮಕ್ಕಳು. ಗಂಡ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ.

ಕೆಲಸಕ್ಕೆ ಸೇರಿದವರಿಗೆಲ್ಲ ನಾನು ಒಂದೇ ಪಾಠ ಒಪ್ಪಿಸುತ್ತಿದ್ದೆ. ತೆರಿಗೆ ಕಟ್ಟಲು ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ಸಂಬಳ ನಿಮ್ಮ ಕೈಗೆ ಬರುವ ಮೊದಲೇ ನಾವು ಹಿಡಿದುಕೊಂಡು ಸರ್ಕಾರಕ್ಕೆ ಕಳಿಸುತ್ತೇವೆ. ವರ್ಷಪೂರ್ತಿ ಹೀಗೇ ದುಡಿಯುತ್ತೀರಿ ಎಂದುಕೊಂಡು ಒಂದು ಅಂದಾಜಿನ ಮೇಲೆ ಹಿಡಿಯುವುದು. ಇಲ್ಲಿ ತೆರಿಗೆಯ ವರ್ಷ ಜೂನಿಗೆ ಮುಗಿಯುತ್ತದೆ, ಆಮೇಲೆ ನೀವು ರಿಟರ್ನ್ ಹಾಕಿದರೆ ಸರಿಯಾದ ಲೆಕ್ಕ ಆಗುತ್ತದೆ. ಜಾಸ್ತಿ ಹಿಡಿದಿದ್ದರೆ ವಾಪಸು ಬರುತ್ತದೆ, ಕಡಿಮೆಯಾಗಿದ್ದರೆ ನೀವು ತುಂಬಬೇಕು. ಆದಾಯದ ಮೊದಲ ಒಂದು ಪಾಲಿಗೆ ತೆರಿಗೆ ಇಲ್ಲ, ಆದರೆ ಆ ವಿನಾಯಿತಿಯನ್ನು ಒಂದು ಕೆಲಸದಲ್ಲಿ ಮಾತ್ರ ಕೇಳಬೇಕು. ಎರಡನೇ ಕೆಲಸವಿದ್ದರೆ ಅಲ್ಲಿ ಮೊದಲ ಡಾಲರಿನಿಂದಲೇ ಹಿಡಿಯುತ್ತಾರೆ.

ಅಕ್ಕ ಇದನ್ನೆಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಮ್ಮ ಅತ್ತೆ ಮೀನು ಬಡಿಸಿದ ಹಾಗೆ" ಎಂದರು. "ಬಂಗುಡೆಯ ಒಳ್ಳೆ ತುಂಡೆಲ್ಲ ಮೊದ್ಲೇ ತೆಗೆದಿಡುದು. ಆಮೇಲೆ ಎಲ್ಲರ ಎದುರು ನನ್ನ ಬಟ್ಟಲಿಗೆ ತಲೆ ಹಾಕಿ, ನೋಡಿ ಸೊಸೆಗೆ ಎಷ್ಟು ಕೊಟ್ಟೆ ಅಂತ ಹೇಳುದು."

"ಇಲ್ಲಿ ಜಾಸ್ತಿ ತೆಗೆದಿಟ್ಟರೆ ವಾಪಸ್ ಕೊಡ್ತಾರಕ್ಕಾ."

"ಹೌದಾ? ಹಾಗಾದ್ರೆ ನಮ್ಮ ಅತ್ತೆಗಿಂತ ಅಡ್ಡಿಲ್ಲ."

ನಕ್ಕು ಹೋದರು. ಕೆಲವು ತಿಂಗಳ ಮೇಲೆ ಬಂದು ಕಿಂಡಿಗೆ ಮುಖ ಒತ್ತಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದರು: "ಜಾಸ್ತಿ ಹಿಡೀಲಿಕ್ಕೆ ಆಗ್ತದಾ, ಮಾರಾಯ್ತಿ?"

ಆ ಕಿಂಡಿಯಲ್ಲಿ ನಾನು ಕೂತಿದ್ದಷ್ಟು ಕಾಲ, ಕಡಿಮೆ ಹಿಡಿಯಿರಿ ಎಂದು ಗೋಗರೆದವರಿದ್ದರು, ಬೈದವರಿದ್ದರು. ಜಾಸ್ತಿ ಹಿಡಿ ಎಂದು ಕೇಳಿದವರು ಅವರೊಬ್ಬರೇ. ಆಗುತ್ತದೆ ಎಂದೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಮೊದಲನೆಯದಾಗಿ ಆ ವಿನಾಯಿತಿಯನ್ನು ಬಿಟ್ಟುಕೊಡಬಹುದು. ಅದರ ಮೇಲೆ ಇನ್ನೂ ಇಷ್ಟು ಸೇರಿಸಿ ಹಿಡಿಯಿರಿ ಎಂದು ಬರೆದುಕೊಡಲೂಬಹುದು. ಯಾಕೆ ಎಂದು ನಾನು ಕೇಳಿದೆನೋ, ಅವರಾಗಿಯೇ ಹೇಳಿದರೋ... ಕೇಳಿರಲಾರೆ. ಆಗ ನಾನು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ವಿಷಯ ಇಷ್ಟು. ಅಕ್ಕನ ಸಂಬಳ ಗಂಡಹೆಂಡಿರ ಜಂಟಿ ಖಾತೆಗೆ ಹೋಗುತ್ತಿತ್ತು, ಖಾತೆಯ ಕಾರ್ಡು ಗಂಡನ ಜೇಬಿನಲ್ಲಿರುತ್ತಿತ್ತು. ಸೋಮವಾರ ರೈಲಿನ ಟಿಕೆಟ್ಟಿಗೆಂದು ಅವನು ಎಣಿಸಿ ಕೊಡುತ್ತಿದ್ದ. ಚಪ್ಪಲಿ ಹರಿದರೆ ಹರಿದ ಚಪ್ಪಲಿ ತೋರಿಸಬೇಕು. ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. "ಹೊಡೆದಿದ್ರೆ ಯಾರಿಗಾದ್ರೂ ಹೇಳ್ಬಹುದಿತ್ತು" ಎಂದಿದ್ದರು ಒಮ್ಮೆ. "ಟಿಕೆಟ್ಟಿಗೆ ದುಡ್ಡು ಕೊಡ್ತಾರೆ ಅಂತ ಹೋಗಿ ಕಂಪ್ಲೇಂಟ್ ಕೊಡ್ಲಿಕ್ಕೆ ಆಗ್ತದಾ?"

ಅಕ್ಕನ ದೊಡ್ಡಮ್ಮನ ಮಗಳೊಬ್ಬಳು ಸಿಡ್ನಿಯಲ್ಲಿ, ಪೆಂಡಲ್ ಹಿಲ್‌ನಲ್ಲಿದ್ದಳು. ಸ್ಟೇಷನ್ನಿನ ಹಿಂದೆ ಫ್ಲ್ಯಾಟಿನಂಥ ಸಣ್ಣ ಯೂನಿಟ್‌ಗಳು ರೆಂಟಿಗೆ ಸಿಗುತ್ತವೆ, ಬಾ ಎನ್ನುತ್ತಿದ್ದಳು. ಬರಬೇಕಾದರೆ ಬಾಂಡ್ ಎಂದು ಠೇವಣಿ ಇಡಬೇಕು, ಮೊದಲ ತಿಂಗಳ ರೆಂಟ್ ಮುಂಗಡ ಕೊಡಬೇಕು, ಕೆಲಸ ಸಿಗುವ ತನಕ ಮಕ್ಕಳಿಗೆ ಊಟ ಹಾಕಬೇಕು. ಅಷ್ಟು ದುಡ್ಡನ್ನು ಗಂಡನ ಕಣ್ಣಿಗೆ ಬೀಳದ ಹಾಗೆ ಕೂಡಿಸುವುದು ಎಲ್ಲಿ? ಮನೆಯಲ್ಲಿ ಜಾಗವಿರಲಿಲ್ಲ. ಬ್ಯಾಂಕಿನ ಕಾಗದ ಮನೆಗೇ ಬರುತ್ತದೆ. ಅಕ್ಕ ಹುಡುಕಿದ ಜಾಗ ಸಂಬಳದ ಬುಡದಲ್ಲೇ ಇತ್ತು. ಕೈಗೆ ಬರುವ ಮೊದಲೇ ಸರ್ಕಾರ ಹಿಡಿದುಕೊಂಡರೆ ಆ ಹಣ ಖಾತೆಯನ್ನು ಮುಟ್ಟುವುದೇ ಇಲ್ಲ. ಮುಟ್ಟದ್ದನ್ನು ಯಾರೂ ಕೇಳುವುದಿಲ್ಲ.

ಅವತ್ತಿನಿಂದ ನಾನು ಪ್ರತಿ ಸಲವೂ ಅವರ ಸಂಬಳದಿಂದ ಅವರು ಹೇಳಿದಷ್ಟು ಹೆಚ್ಚಿಗೆ ಹಿಡಿದು ಕಳಿಸುತ್ತಿದ್ದೆ. ಸಂಬಳದ ಚೀಟಿಯನ್ನು ಅವರು ಕಿಂಡಿಯ ಹತ್ತಿರವೇ ಓದಿ, ಹರಿದು, ಮೆಣಸಿನ ಪುಡಿಯ ಕಸದ ಚೀಲಕ್ಕೆ ಹಾಕುತ್ತಿದ್ದರು.

ಜುಲೈ ಬಂತು. ರಿಟರ್ನ್ ಹಾಕಿ ದುಡ್ಡು ತೆಗೆದುಕೊಳ್ಳಿ ಎಂದೆ. ಬೇಡ ಎಂದರು.

"ಈಗ ತೆಗೆದ್ರೆ ಇಡುದೆಲ್ಲಿ? ಅಲ್ಲೇ ಇರ್ಲಿ. ಬೇಕಾದಾಗ ಒಟ್ಟಿಗೆ ತೆಗಿಯುವಾ."

"ಅದು ಚೀಟಿ ಫಂಡ್ ಅಲ್ಲಕ್ಕಾ. ಬಡ್ಡಿ ಬರಲ್ಲ."

"ಇವರ ಕೈಗೆ ಸಿಗುದಿಲ್ಲಲ್ಲ? ಅದೇ ಬಡ್ಡಿ."

ಊರಿನಲ್ಲಿ ಅವರ ಅಮ್ಮ ಹಾಗೆಯೇ ಮಾಡುತ್ತಿದ್ದರಂತೆ. ಬೀಡಿ ಕಟ್ಟಿದ ಮಜೂರಿಯಲ್ಲಿ ಒಂದು ಪಾಲನ್ನು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವನ ಹತ್ತಿರವೇ ಬಿಟ್ಟು ಬರುವುದು, ಮದುವೆಗೋ ಬಾಣಂತನಕ್ಕೋ ಒಟ್ಟಿಗೆ ಕೇಳುವುದು. ಕೊಡುವವನೇ ಕಾಯುವವನು. ಅಕ್ಕನಿಗೆ ಆಸ್ಟ್ರೇಲಿಯಾದ ಸರ್ಕಾರ ಒಂದು ದೊಡ್ಡ ಬೀಡಿ ಬ್ರಾಂಚಿನ ಹಾಗೆ ಕಂಡಿತ್ತು. ಇನ್ನೊಂದು ಜುಲೈಯೂ ಹಾಗೇ ಹೋಯಿತು.

ಇನ್ನು ಆ ಊಟದ ದಿನ. ಇದು ನಡೆದದ್ದು ನಿಜ, ಎಷ್ಟು ನಡೆಯಿತು ಎಂಬುದರಲ್ಲಿ ಮಾತ್ರ ಅನುಮಾನ.

ನಮ್ಮವರ ಸಂಘದ ಹಬ್ಬದೂಟ. ಯಾವುದೋ ಶಾಲೆಯ ಹಾಲ್ ಬಾಡಿಗೆಗೆ ತೆಗೆದುಕೊಂಡಿದ್ದರು. ಅಕ್ಕನ ಗಂಡನೆಂದರೆ ಅಲ್ಲಿ ಎಲ್ಲರಿಗೂ ಪ್ರೀತಿ. ಬಡಿಸುವುದು ಅವನೇ, ಮೈಕಿನಲ್ಲಿ ಹಾಡುವುದು ಅವನೇ, ಅಜ್ಜಿಯರನ್ನು ಕಾರಿನಲ್ಲಿ ಮನೆ ಮುಟ್ಟಿಸುವುದೂ ಅವನೇ. ಶನಿವಾರ ಶನಿವಾರ ಪೂರ್ತಿ ಸಂಘದ ಕೆಲಸಕ್ಕೆಂದೇ ಹೋಗುತ್ತಾನೆ ಎಂದು ಅಕ್ಕ ಹೇಳಿದ್ದರು. ಸಾಂಬಾರಿನ ಬಕೆಟ್ ಹಿಡಿದು ನನ್ನ ಎಲೆಯ ಮುಂದೆ ನಿಂತ.

"ಎಂತ ಸಿಸ್ಟರ್, ನಿಮ್ಮ ಕಂಪೆನಿಯಲ್ಲಿ ಕೊಡುದು ಸಂಬಳವಾ ಪ್ರಸಾದವಾ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. "ಟ್ಯಾಕ್ಸ್ ಜಾಸ್ತಿ ಅಣ್ಣಾ."

"ಟ್ಯಾಕ್ಸ್ ನನಗೂ ಉಂಟಲ್ಲ. ನನ್ನದು ಇಷ್ಟು ಹೋಗುದಿಲ್ಲ. ಎರಡು ಕಡೆ ದುಡಿಯುವವರಿಗೆ ಮಾತ್ರ ಹೀಗೆ ಕೀಳುದು."

ನಾನು ಸಾಂಬಾರಿಗೆ ಅನ್ನದಲ್ಲಿ ಗುಳಿ ಮಾಡಿದೆ. ಆಗ ನೀರಿನ ಜಗ್ಗು ಹಿಡಿದು ಹಿಂದೆ ಬರುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದರು: "ಹೆಂಗಸರಿಗೆ ಜಾಸ್ತಿ ಹಿಡೀತಾರಂತೆ."

ಪಂಕ್ತಿಯಲ್ಲಿ ಬ್ಯಾಂಕಿನವರಿದ್ದರು, ಹೊಸದಾಗಿ ಡಾಕ್‌ಲ್ಯಾಂಡ್ಸ್‌ಗೆ ಬದಲಾದ ಆಫೀಸಿಗೆ ಟ್ರಾಮಿನಲ್ಲಿ ಹೋಗಿ ಬರುವವರು. ಐಟಿಯವರಿದ್ದರು. ಒಬ್ಬರಾದರೂ ಹಾಗಿಲ್ಲ ಎನ್ನಲಿಲ್ಲ. ಒಬ್ಬರು "ಹೌದೌದು, ಏನೋ ರೂಲ್ಸ್ ಇದೆ" ಎಂದು ಅನ್ನ ಕಲಸಿದರು. ಅಕ್ಕನ ದೊಡ್ಡ ಮಗಳು ಮಾತ್ರ, "ದಟ್ಸ್ ಸೋ ಅನ್‌ಫೇರ್, ಮಮ್ಮಿ" ಎಂದಳು. "ಊಟ ಮಾಡು" ಎಂದರು ಅಕ್ಕ. ಗಂಡ ಬಕೆಟ್ ಎತ್ತಿಕೊಂಡು ಮುಂದಿನ ಎಲೆಗೆ ಹೋದ. ಅವನಿಗೂ ಅದು ನಂಬುವಂಥ ಮಾತಾಗಿಯೇ ಕಂಡಿತ್ತು. ಹೆಂಗಸರಿಗೆ ಕಡಿಮೆ ಹಿಡಿಯುತ್ತಾರೆ ಎಂದಿದ್ದರೆ ಆ ಹಾಲಿನಲ್ಲಿ ಗಲಾಟೆ ಆಗುತ್ತಿತ್ತು.

ಎರಡು ಕಡೆ ದುಡಿಯುವವರಿಗೆ ಎಂಬ ಆ ಮಾತನ್ನು ಅವನು ನಿಜವಾಗಿ ಆಡಿದನೇ? ಈಗ ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಸಾಂಬಾರಿನ ಸೌಟು ಬಕೆಟ್ಟಿನ ಅಂಚಿಗೆ ತಾಗಿದ ಸದ್ದಿನ ಜೊತೆಗೆ. ಆದರೆ ಆಮೇಲೆ ನಡೆದದ್ದು ಗೊತ್ತಾದ ಮೇಲೆ ನಾನೇ ಅವನ ಬಾಯಿಗೆ ಆ ಮಾತು ತುರುಕಿರಬಹುದು. ನೆನಪು ಹಾಗೆ ಮಾಡುತ್ತದೆ. ಕೊನೆ ತಿಳಿದ ಮೇಲೆ ಹಿಂದಕ್ಕೆ ಹೋಗಿ ಸುಳಿವುಗಳನ್ನು ಇಟ್ಟು ಬರುತ್ತದೆ.

ಮೂರನೇ ಜುಲೈಯಲ್ಲಿ ಅಕ್ಕ ತಯಾರಾದರು. ಸಿಡ್ನಿಯ ತಂಗಿ ಒಂದು ಯೂನಿಟ್ ನೋಡಿಟ್ಟಿದ್ದಳು. ಮಕ್ಕಳಿಗೆ ಅಲ್ಲಿಯ ಶಾಲೆ ವಿಚಾರಿಸಿದ್ದಾಯಿತು. ಡ್ಯಾಂಡಿನಾಂಗಿನ ಪಕ್ಕದ ಸ್ಪ್ರಿಂಗ್‌ವೇಲ್‌ನಲ್ಲಿದ್ದ ಒಬ್ಬ ವಿಯೆಟ್ನಾಮಿ ಅಕೌಂಟೆಂಟ್ ಬಾಕಿ ಇದ್ದ ವರ್ಷಗಳ ರಿಟರ್ನ್‌ಗಳನ್ನು ಒಟ್ಟಿಗೆ ಹಾಕಿದರು. ದುಡ್ಡು ಮನೆಯ ವಿಳಾಸಕ್ಕೆ ಬಾರದೆ ಅವರ ಆಫೀಸಿಗೇ ಬರುವ ಏರ್ಪಾಡಾಯಿತು. ಆ ವಾರಗಳಲ್ಲಿ ಅಕ್ಕ ಲೈನಿನಲ್ಲಿ ಗುನುಗುತ್ತಿದ್ದರಂತೆ, ಮಾಸ್ಕಿನ ಒಳಗೆ. ಸೂಪರ್‌ವೈಸರ್ ನನ್ನ ಹತ್ತಿರ ದೂರು ಹೇಳಿದ್ದ, ಅದಕ್ಕೇ ನೆನಪಿದೆ.

ಆಮೇಲೆ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ ಅವರು ಕಿಂಡಿಗೆ ಬರಲಿಲ್ಲ. ಬಾಗಿಲು ತಳ್ಳಿಕೊಂಡು ನೇರ ಕೋಣೆಯೊಳಗೆ ಬಂದರು. ಹೇರ್‌ನೆಟ್ ತೆಗೆದಿರಲಿಲ್ಲ. ಕೈಗವಸಿನ ತುಂಬ ಅರಿಶಿನ.

"ನೀವು ಹಿಡಿದದ್ದನ್ನು ಕಳಿಸ್ಲೇ ಇಲ್ವಾ?"

ನನಗೆ ಅರ್ಥವಾಗಲಿಲ್ಲ.

"ಅಕೌಂಟೆಂಟಿಗೆ ಎಂತದೂ ಬರ್ಲಿಲ್ಲ. ಸೊನ್ನೆ. ಎಲ್ಲಿ ಹೋಯ್ತು ಹೇಳು. ಕಂಪೆನಿಯವರು ತಿಂದ್ರಾ? ನೀನು ತಿಂದ್ಯಾ?"

ಹಿಡಿದದ್ದನ್ನು ಕಳಿಸದೆ ನುಂಗಿದ ಮಾಲೀಕರ ಕಥೆಗಳನ್ನು ನಾವೆಲ್ಲ ಕೇಳಿದ್ದೆವು. ಕಂಪ್ಯೂಟರ್ ತೆರೆದು ತೋರಿಸಿದೆ. ಪ್ರತಿ ಸಲದ ಹಣವೂ ಹೋಗಿತ್ತು. ಅವರು ನೋಡಿದರು, ನಂಬಲಿಲ್ಲ. ತೆರಿಗೆ ಆಫೀಸಿಗೆ ಫೋನ್ ಮಾಡು ಎಂದರು.

ಮಾಡಿದೆ. ಸ್ಪೀಕರಿನಲ್ಲಿ ತುಂಬ ಹೊತ್ತು ಪಿಟೀಲಿನ ಸಂಗೀತ ಬಂತು. ಒಂದು ಕಡೆಯವರು ಇನ್ನೊಂದು ಕಡೆ ಕೇಳಿ ಎಂದರು. ಕೊನೆಗೆ ಮಕ್ಕಳ ಭತ್ಯೆ ನೋಡಿಕೊಳ್ಳುವ ಕಡೆಯ ಒಬ್ಬಾತ ಸಿಕ್ಕಿದ. ಒಳ್ಳೆಯ ದನಿ, ಅವಸರವಿಲ್ಲದ ಮನುಷ್ಯ. ಅಕ್ಕ ತಮ್ಮ ಹೆಸರು, ಹುಟ್ಟಿದ ದಿನ ಹೇಳಿ, ನನ್ನ ಪರವಾಗಿ ಇವಳು ಮಾತಾಡುತ್ತಾಳೆ ಎಂದರು. ಅವನು ಹೇಳಿದ್ದನ್ನು ನಾನು ತುಂಡು ತುಂಡಾಗಿ ಕನ್ನಡಕ್ಕೆ ತಂದೆ. ಮಕ್ಕಳಿಗೆಂದು ಸರ್ಕಾರ ಕೊಡುವ ಭತ್ಯೆ ಅಪ್ಪ ಅಮ್ಮ ಇಬ್ಬರ ಆದಾಯ ನೋಡಿ ಕೊಡುವಂಥದ್ದು. ಅದೂ ಅಂದಾಜಿನ ಮೇಲೆ. ನೀವು ಬರೆದುಕೊಟ್ಟ ಅಂದಾಜು ಕಡಿಮೆ ಇತ್ತು, ಇಬ್ಬರ ನಿಜವಾದ ಆದಾಯ ಕೂಡಿಸಿದರೆ ಜಾಸ್ತಿ ಬಂದಿದೆ. ಹಾಗಾಗಿ ಇಷ್ಟೂ ವರ್ಷ ನಿಮಗೆ ಹೆಚ್ಚಾಗಿ ಭತ್ಯೆ ಕೊಟ್ಟಂತಾಗಿದೆ. ಆ ಬಾಕಿಯನ್ನು ನಿಮ್ಮ ತೆರಿಗೆಯ ವಾಪಸಾತಿಯಿಂದ ಹಿಡಿದುಕೊಂಡಿದ್ದೇವೆ.

"ಭತ್ಯೆ ನಾನು ಕಣ್ಣಲ್ಲಿ ನೋಡ್ಲಿಲ್ಲ ಅಂತ ಹೇಳು" ಎಂದರು ಅಕ್ಕ. "ಅದು ಹೋಗುದು ಇವರ ಕಾರ್ಡಿನ ಖಾತೆಗೆ. ಅಂದಾಜು ಬರ್ದದ್ದೂ ಇವರೇ. ಇಲ್ಲಿ ಸೈನ್ ಹಾಕು ಅಂದ್ರು, ಹಾಕಿದೆ."

ಹೇಳಿದೆ. ಅರ್ಜಿ ತಾಯಿಯ ಹೆಸರಿನಲ್ಲಿದೆ, ಆದ್ದರಿಂದ ಬಾಕಿಯೂ ತಾಯಿಯದೇ ಎಂದಿತು ಆ ಒಳ್ಳೆಯ ದನಿ. ಬೇರೆ ಏನಾದರೂ ಸಹಾಯ ಬೇಕೇ ಎಂದೂ ಕೇಳಿತು.

ಇಬ್ಬರದೂ ಕೂಡಿಸಿದ ಆದಾಯ ಎಷ್ಟೆಂದು ಕೇಳಲು ಅಕ್ಕ ಹೇಳಿದರು. ಅವನು ಹೇಳಿದ. ಅಕ್ಕ ಅದನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡರು. ಗಂಡನ ಗೋದಾಮಿನ ಸಂಬಳ ಅವರಿಗೆ ಬಾಯಿಪಾಠ. ಅದರ ಚೀಟಿಯನ್ನು ಅವನು ಪ್ರತಿ ಸಲ ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟಿಸುತ್ತಿದ್ದನಂತೆ, ನನ್ನಲ್ಲಿ ಮುಚ್ಚುಮರೆ ಇಲ್ಲ ಎಂದು ಬಂದವರಿಗೂ ತೋರಿಸುತ್ತಿದ್ದನಂತೆ. ಅಕ್ಕ ತಮ್ಮದನ್ನು ಕಳೆದರು, ಅವನದನ್ನು ಕಳೆದರು. ಇನ್ನೂ ಉಳಿಯಿತು.

"ಉಳಿದದ್ದು ಯಾರದ್ದು?" ಎಂದರು. ನನ್ನನ್ನೋ ಫೋನನ್ನೋ, ಗೊತ್ತಾಗಲಿಲ್ಲ. ಆಮೇಲೆ ತಾವೇ, "ಶನಿವಾರ" ಎಂದರು.

ಫೋನ್ ಇಟ್ಟೆ.

ಇಷ್ಟು ಸರಿಯಾಗಿ ಕೂಡಿ ಬರುವ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಹೆಂಡತಿ ಗಂಡನಿಗೆ ಕಾಣದಂತೆ ಕೂಡಿಸಿದ್ದಳು, ಗಂಡ ಹೆಂಡತಿಗೆ ಕಾಣದಂತೆ ದುಡಿದಿದ್ದ. ಒಂದು ಮನೆಯೊಳಗೆ ಒಬ್ಬರಿಗೊಬ್ಬರು ತೋರಿಸದ ಎರಡು ಮೊತ್ತಗಳನ್ನು ಎಲ್ಲೋ ಒಂದು ಕಂಪ್ಯೂಟರ್ ಅಕ್ಕಪಕ್ಕ ಇಟ್ಟು ನೋಡಿ, ಅವಳದನ್ನು ಎತ್ತಿಕೊಂಡಿತು. ಅವನ ಶನಿವಾರದ ಸಂಬಳದಲ್ಲೂ ಯಾರೋ ನನ್ನಂಥವಳು ಕೂತು ತೆರಿಗೆ ಹಿಡಿದಿರುತ್ತಾಳೆ, ಸರಿಯಾಗಿಯೇ ಹಿಡಿದಿರುತ್ತಾಳೆ. ಯಾರೂ ಕಾನೂನು ಮುರಿದಿರಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅಲ್ಲಿಯೇ. ಕಳ್ಳತನವಾಗಿದ್ದರೆ ಕಳ್ಳನಾದರೂ ಸಿಗುತ್ತಿದ್ದ.

"ಮನೆಗೆ ಹೋಗಿ ಕೇಳಿ ಅಕ್ಕಾ" ಎಂದೆ. "ಎಲ್ಲಿ ದುಡೀತಿದಾರೆ, ಆ ದುಡ್ಡು ಏನಾಯ್ತು ಅಂತ ಕೇಳಿ."

ಅವರು ಕೈಗವಸು ಕಳಚುತ್ತಿದ್ದರು. ಒಂದೊಂದೇ ಬೆರಳು.

"ಕೇಳಿದ್ರೆ, ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳುದಿಲ್ವಾ? ನಂದೂ ಹೇಳ್ಬೇಕಲ್ಲ, ಮಾರಾಯ್ತಿ."

ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ಅವರು ಹೊಸ ಕೈಗವಸು ಹಾಕಿಕೊಂಡು ಲೈನಿಗೆ ಹೋದರು. ಅಳಲಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ಆ ಕಾರ್ಖಾನೆಯಲ್ಲಿ ಖಾರದ ಪುಡಿಗೆ ಎಲ್ಲರ ಕಣ್ಣೂ ಯಾವಾಗಲೂ ಕೆಂಪಗೇ ಇರುತ್ತಿತ್ತು. ಹೇಗೆ ಹೇಳಲಿ...

ಆ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ನನಗೆ ಸಿಡ್ನಿಯಲ್ಲಿ ಬೇರೆ ಕೆಲಸ ಸಿಕ್ಕಿತು. ನನ್ನ ಬಾಂಡ್ ನಾನೇ ಕಟ್ಟಿದೆ, ಯಾರನ್ನೂ ಕೇಳದೆ. ಮನೆ ಹುಡುಕುವಾಗ ಪೆಂಡಲ್ ಹಿಲ್‌ನಲ್ಲಿ ಸ್ಟೇಷನ್ನಿನ ಹಿಂದಿನ ಯೂನಿಟ್‌ಗಳನ್ನೂ ತೋರಿಸಿದರು. ಒಳಗೆ ಹೋಗಿ ನೋಡಿ, ಚಿಕ್ಕದಾಯಿತು ಎಂದು ಹೇಳಿ ಬಂದೆ. ಚಿಕ್ಕದೇನೂ ಆಗಿರಲಿಲ್ಲ. ಅಡಿಗೆಮನೆಗೆ ಒಳ್ಳೆಯ ಕಿಟಕಿ ಇತ್ತು, ಪಕ್ಕದಲ್ಲಿ ಇಬ್ಬರು ಮಕ್ಕಳಿಗೆ ಸಾಕಾಗುವಂಥ ಒಂದು ಕೋಣೆ ಇತ್ತು.

ಮೆಲ್ಬರ್ನಿನ ಸ್ನೇಹಿತೆಯೊಬ್ಬಳು ಫೋನ್ ಮಾಡಿದಾಗ ಆ ಗಂಡನ ಸುದ್ದಿ ಬರುತ್ತಿತ್ತು. ಸಂಘಕ್ಕೆ ಅಧ್ಯಕ್ಷನಾದನಂತೆ. ಒಂದು ಶನಿವಾರ ಅವನ ಸನ್ಮಾನವೂ ಆಯಿತಂತೆ. ಅಕ್ಕ? "ಇದಾರೆ ಕಣೆ, ಅಲ್ಲೇ ಬಡಿಸ್ತಾ ಇದ್ದರಪ್ಪ" ಎಂದಳು. ಅಥವಾ, "ಈಚೆಗೆ ನೋಡಿಲ್ಲ" ಎಂದಳೋ. ಒಂದೊಂದು ಸಲ ಒಂದೊಂದು ಹೇಳಿದ್ದಾಳೆ. ಈಗ ಅವಳೂ ಫೋನ್ ಮಾಡುವುದಿಲ್ಲ.

ಅಂಗಡಿಯಾತ ಪೆಟ್ಟಿಗೆಯಿಂದ ಪ್ಯಾಕೆಟ್ಟುಗಳನ್ನು ಎತ್ತಿ ಶೆಲ್ಫಿನಲ್ಲಿ ಜೋಡಿಸಿದ. ಒಂದನ್ನು ತಿರುಗಿಸಿ ಹಿಂದೆ ನೋಡಿದೆ. ಪ್ಯಾಕ್ ಮಾಡಿದ್ದು ಡ್ಯಾಂಡಿನಾಂಗಿನಲ್ಲಿ ಅಲ್ಲ, ಬೇರೆ ಎಲ್ಲೋ. ತೊಗರಿಬೇಳೆ ತೆಗೆದುಕೊಂಡು ಹೊರಗೆ ಬಂದು ಸ್ಟೇಷನ್ನಿನ ಹಿಂದಿನ ಬಾಲ್ಕನಿಗಳನ್ನು ನೋಡಿದೆ. ಯಾರದೋ ನೈಟಿಗಳು ಒಣಗುತ್ತಿದ್ದವು. ಯಾರದಾದರೂ ಇರಬಹುದು.

ಒಂದು ಮಾತು ಮಾತ್ರ ಹೇಳದೆ ಉಳಿಸಿಕೊಂಡಿದ್ದೆ, ಯಾಕೆಂದರೆ ಅದು ನನಗೆ ಸರಿಯಾಗಿ ಸಿಗುತ್ತಿಲ್ಲ. ಆ ಫೋನಿನ ಮಧ್ಯಾಹ್ನದ ನಂತರ, ಮುಂದಿನ ಸಂಬಳಕ್ಕೆ ಮೊದಲು, ಅಕ್ಕ ಇನ್ನೊಮ್ಮೆ ಕಿಂಡಿಗೆ ಬಂದಿದ್ದರು. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡರು. ಮುಂದಿನ ಸಲದಿಂದ ಹೇಗೆ ಹಿಡಿಯಬೇಕು ಎಂದು ಹೇಳಿದರು. "ಇನ್ನು ಜಾಸ್ತಿ ಹಿಡೀಬೇಡ, ಸಾಕು" ಎಂದರೋ, "ಹಾಗೇ ಹಿಡಿ, ಪುನಃ ಸುರು ಮಾಡುವಾ" ಎಂದರೋ. ನಾನು ತಲೆಯಾಡಿಸಿದೆ. ಅವರು ಹೇಳಿದಂತೆಯೇ ಕಂಪ್ಯೂಟರಿನಲ್ಲಿ ಹಾಕಿದೆ, ಅದರಲ್ಲಿ ಅನುಮಾನವಿಲ್ಲ. ಏನು ಹಾಕಿದೆ ಎಂಬುದು ಮಾತ್ರ ಈಗ ನನಗೆ ನೆನಪಿಲ್ಲ.